ನಾಲ್ಕು ಮಗ್ಗದ ನಡುವೆ ಒಂದು ‘ಗೆಟ್’

ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಹಾಗೆ ಹೇಳುವವರಲ್ಲಿ ಒಬ್ಬರಿಗಾದರೂ ಅದು ಬಂದಿದ್ದರೆ ಮನಸ್ಸಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು, ಅಷ್ಟೇ.

ನಾನು ಶಂಕ್ರೆವ್ವ, ಬನಹಟ್ಟಿಯ ನೇಕಾರ ಗಿರಿಮಲ್ಲಪ್ಪನ ಹಿರಿಯ ಮಗಳು. ಒಂಬತ್ತನೇ ಇಯತ್ತೆಯ ನಡುವೆ ಸಾಲಿ ಬಿಟ್ಟವಳು. ಯಾಕೆ ಬಿಡಿಸಿದಿರಿ ಎಂದು ಯಾರಾದರೂ ಕೇಳಿದರೆ ಅಪ್ಪ, “ಅಕಿ ತಲೀಗೆ ಇಂಗ್ಲಿಷ್ ಹತ್ತಲಿಲ್ರಿ” ಎನ್ನುತ್ತಾನೆ. (ಆ ವರ್ಷ ನಮ್ಮ ಮನೆಯಲ್ಲಿ ಎರಡಿದ್ದ ಮಗ್ಗ ನಾಲ್ಕಾದವು. ಕಂಡಿಕೆ ಸುತ್ತಲು ಇನ್ನೊಂದು ಜೋಡಿ ಕೈ ಬೇಕಾಯಿತು. ಹೊಸ ಮಗ್ಗ ಬಂದ ವಾರವೇ ಇಂಗ್ಲಿಷು ನನ್ನ ತಲೆಗೆ ಹತ್ತುವುದನ್ನು ನಿಲ್ಲಿಸಿತು.) ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂಡಿಸುವ ನೂಲಿನ ಸುರುಳಿ. ನಮ್ಮ ಮಾತಿನಲ್ಲಿ ಕಂಡಿಕಿ. ಲಾಳಿ ಅತ್ತ ಇತ್ತ ನಾಲ್ಕು ಸಲ ಓಡಾಡಿತೆಂದರೆ ಅದು ಕರಗಿಹೋಗುತ್ತದೆ ಎಂದು ನನಗೆ ಅನ್ನಿಸುತ್ತದೆ. ನಾಲ್ಕು ಮಗ್ಗಕ್ಕೆ ಕಂಡಿಕೆ ಒದಗಿಸುವುದೆಂದರೆ ನಾಲ್ಕು ಹಸಿದ ಎಮ್ಮೆಗಳಿಗೆ ಒಂದೊಂದೇ ಎಳೆ ಹುಲ್ಲು ತಿನ್ನಿಸಿದ ಹಾಗೆ.

ನನ್ನದು ಹೋಗಲಿ. ನನ್ನ ಚಿಂತೆಯೆಲ್ಲ ತಂಗಿ ಯಲ್ಲಕ್ಕನದಾಗಿತ್ತು. ಅವಳು ಸಾಲಿಗೆ ಹೋಗುವ ವಯಸ್ಸಿಗೆ ಬಂದಿದ್ದಳು. ನಮ್ಮ ಓಣಿಯ ತುದಿಯಲ್ಲೇ ಕನ್ನಡ ಸಾಲಿ ಇದೆ. ಬಾಯಾರು ಒಳ್ಳೆಯವರು, ಹೇಳಿಕೊಡುವುದೂ ಛಲೋ. ಅದಕ್ಕೆ ಇರುವುದು ಒಂದೇ ದೋಷ, ಅದು ಫುಕಟ್. ಫುಕಟ್ ಸಿಕ್ಕಿದ್ದನ್ನು ಬಿಡಲು ಅಪ್ಪನಿಗೆ ಒಂದು ಕ್ಷಣವೂ ಬೇಕಾಗುವುದಿಲ್ಲ. ಆದರೆ ರೊಕ್ಕ ಕೊಟ್ಟು ತಂದದ್ದನ್ನು ಅವನು ಸಾಯುವ ತನಕ ಬಿಡಲಾರ. ಆಯಿಗೆಂದು, ಅಂದರೆ ತನ್ನ ಅವ್ವನಿಗೆಂದು, ತಂದ ಕಹಿ ಔಷಧವನ್ನು ಆಯಿ ಕುಡಿಯದಿದ್ದಾಗ, ತನಗೆ ಯಾವ ರೋಗವೂ ಇಲ್ಲದೆ ತಾನೇ ಕುಡಿದು ಬಾಟಲಿ ಖಾಲಿ ಮಾಡಿದ ಮನುಷ್ಯ ಅವನು. ಆದ್ದರಿಂದ ನಾನು ಲೆಕ್ಕ ಹಾಕಿದ್ದು ಇಷ್ಟು: ಯಲ್ಲಿ ಫೀ ಕಟ್ಟುವ ಸಾಲಿಗೆ ಸೇರಿದರೆ, ಮನೆಗೆ ಇನ್ನು ಹತ್ತು ಮಗ್ಗ ಬಂದರೂ ಅವಳನ್ನು ಯಾರೂ ಬಿಡಿಸಲಾರರು.

ಇಂಥ ಸಾಲಿಯ ಸುದ್ದಿಯನ್ನು ನಮ್ಮ ಮನೆಗೆ ತಂದವಳು ಎದುರುಮನೆಯ ಅಕ್ಕಮ್ಮ ಕಾಕು. ಅವರದು ನೂಲಿನ ವ್ಯಾಪಾರ. ಅವಳ ಮೊಮ್ಮಗಳು ಪದ್ಮಿ ಹೋದ ವರ್ಷದಿಂದ ಜಮಖಂಡಿಯ ಹೊಸ ಇಂಗ್ಲಿಷ್ ಸಾಲಿಗೆ ಹೋಗುತ್ತಿದ್ದಳು. ಕಾಕು ಸಂಜೆಗೊಮ್ಮೆ ನಮ್ಮ ಕಟ್ಟೆಗೆ ಬಂದು, ಪದ್ಮಿ ನಿದ್ದೆಯಲ್ಲೂ ಇಂಗ್ಲಿಷ್ ಕನವರಿಸುತ್ತಾಳೆ, ತಮಗೆ ಒಂದೂ ತಿಳಿಯುವುದಿಲ್ಲ, ಎಷ್ಟು ತ್ರಾಸು ನೋಡು ಎಂದು ಬಹಳ ಸಂತೋಷದಿಂದ ದುಃಖಪಡುತ್ತಿದ್ದಳು. ಇದನ್ನು ಆಯಿ ಎಷ್ಟು ದಿನ ಕೇಳಿಯಾಳು? ಒಂದು ಸಂಜೆ, ನಮ್ಮ ಯಲ್ಲಿಯೂ ಈ ಸಲ ಅಲ್ಲಿಗೇ ಹೋಗುತ್ತಾಳೆ ಎಂದು ಹೇಳಿಬಿಟ್ಟಳು. ಕಾಕು ಗಲ್ಲದ ಮೇಲೆ ಕೈಯಿಟ್ಟುಕೊಂಡು, ಅಲ್ಲಿ ಕೂಸನ್ನಷ್ಟೇ ನೋಡಿ ತೆಗೆದುಕೊಳ್ಳುವುದಿಲ್ಲ, ಮನೆಮಂದಿಯನ್ನೆಲ್ಲ ಕರೆಸಿ ಕೂಡಿಸಿಕೊಂಡು ಮನೆಯಲ್ಲಿ ಇಂಗ್ಲಿಷಿನ ವಾತಾವರಣ ಇದೆಯೋ ಇಲ್ಲವೋ ನೋಡುತ್ತಾರೆ ಎಂದಳು.

ಅಪ್ಪ ಆ ರಾತ್ರಿ ಊಟಕ್ಕೆ ಕೂತಾಗ ತೀರ್ಪು ಕೊಟ್ಟ.

“ತಗೊಂಡ್ರ ಕಳಸ್ತೇನಿ. ತಗೋಲಿಲ್ಲ ಅಂದ್ರ ಶಂಕ್ರಿ ಬಾಜೂಕ ಇನ್ನೊಂದು ರಾಟಿ ಇಡೂದು. ಈಗಿಂದನ ಕೈ ಹೊಂದಲಿ.”

ಆ ಇನ್ನೊಂದು ರಾಟಿ ಆಗಲೇ ಅಟ್ಟದ ಮೇಲೆ ಇತ್ತು. ಆಯಿ ಸಣ್ಣವಳಿದ್ದಾಗ ಕೂತು ಕಂಡಿಕೆ ಸುತ್ತಿದ್ದು, ಅಳತೆಗೆ ಗಿಡ್ಡ. ಕೂಸಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ತಾಟಿನೊಳಗಿನ ರೊಟ್ಟಿ ಬಿಟ್ಟು ಅಟ್ಟವನ್ನೇ ನೋಡುತ್ತ ಕೂತೆ.

ಮರುದಿನ ಉಪ್ಪಿನ ಭರಣಿಯ ಮೇಲೆ ಮುಚ್ಚಿದ್ದ ನನ್ನ ಒಂಬತ್ತನೇ ಇಯತ್ತೆಯ ಇಂಗ್ಲಿಷ್ ಗೈಡನ್ನು ತೆಗೆದು ಒರೆಸಿದೆ. ಹಾಳೆಗಳು ಉಪ್ಪು ಕುಡಿದು ದಪ್ಪಗಾಗಿದ್ದವು. ಮನೆಮಂದಿಗೆಲ್ಲ ಇಷ್ಟು ಕಡಿಮೆ ದಿನದಲ್ಲಿ ಇಡೀ ಇಂಗ್ಲಿಷನ್ನು ಕಲಿಸುವುದು ಆಗದ ಮಾತು. ಹಾಗಾದರೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಒಂದೇ ಶಬ್ದವನ್ನು ಕಲಿಸಿದರೆ? ಹಾಳೆ ತಿರುವುತ್ತಾ ಹೋದವಳಿಗೆ ಅದು ಸಿಕ್ಕಿತು. ‘ಗೆಟ್’.

ಅಂಥ ಕ್ರಿಯಾಪದವನ್ನು ನಾನು ಹಿಂದೆ ಕಂಡಿರಲಿಲ್ಲ. ಗೆಟ್ ಎಂದರೆ ಸಿಗುವುದು. ಗೆಟ್ ಎಂದರೆ ತರುವುದೂ ಹೌದು. ಗೆಟ್ ಅಪ್ ಎಂದರೆ ಏಳು, ಗೆಟ್ ಡೌನ್ ಎಂದರೆ ಇಳಿ, ಗೆಟ್ ಇನ್ ಎಂದರೆ ಒಳಗೆ ಹೋಗು, ಗೆಟ್ ಔಟ್ ಎಂದರೆ ಹೊರಗೆ ನಡೆ. ಗೆಟ್ ವೆಟ್ ಎಂದರೆ ತೊಯ್ಯುವುದು, ಗೆಟ್ ಫೀವರ್ ತೊಯ್ದ ಮೇಲಿನದು, ಗೆಟ್ ವೆಲ್ ಅದೂ ಆದ ಮೇಲಿನದು. ಗೆಟ್ ಮ್ಯಾರೀಡ್ ಎಂದರೆ ಲಗ್ನವಾಗುವುದು. ಗೆಟ್ ಆ್ಯಂಗ್ರಿ ಎಂದರೆ ಲಗ್ನವಾದ ಮೇಲೆ ಸಿಟ್ಟಾಗುವುದು. ಗೆಟ್ ಓಲ್ಡ್ ಎಂದರೆ ಮುಪ್ಪಾಗುವುದು. ಮನುಷ್ಯ ಮುಂಜಾನೆ ಏಳುವುದರಿಂದ ಹಿಡಿದು ಮುದುಕನಾಗುವ ತನಕ ಅವನ ಇಡೀ ಸಂಸಾರವನ್ನು ಈ ಒಂದೇ ಶಬ್ದ ಎತ್ತಿನ ಹಾಗೆ ಎಳೆದುಕೊಂಡು ಹೋಗುತ್ತಿತ್ತು. (ಸಾಯುವುದಕ್ಕೆ ಏನೆನ್ನುತ್ತಾರೋ ಕಾಣಲಿಲ್ಲ. ಮುಂದಿನ ಹಾಳೆ ಉಪ್ಪಿಗೆ ಕರಗಿಹೋಗಿತ್ತು.) ಸಾಲಿಯಲ್ಲಿ ಸಾವಿರ ಕ್ರಿಯಾಪದ ತೋರಿಸಿ ನಮ್ಮನ್ನು ಅಂಜಿಸಿದ್ದು ಏತಕ್ಕೆ ಎಂದು ನನಗೆ ಆವತ್ತು ಬಹಳ ಸಿಟ್ಟು ಬಂತು. ಅಂದರೆ, ಐ ಗಾಟ್ ಆ್ಯಂಗ್ರಿ.

ಮೊದಲ ಪಾಠಕ್ಕೆ ಕೂತ ಆಯಿ ಎಲ್ಲವನ್ನೂ ಕೇಳಿ, ಇಷ್ಟು ಸಣ್ಣ ವಿಷಯಕ್ಕೆ ಗೈಡು ಯಾಕೆ ಎಂಬಂತೆ ನನ್ನನ್ನು ನೋಡಿದಳು.

“ಇದು ನಮ್ಮ ‘ಹೊಡಿ’ ಇದ್ದಂಗ ಐತೆಲ್ಲ ಬೇ. ಮಗ್ಗಾ ಹೊಡಿತೇವಿ, ಸೈಕಲ್ ಹೊಡಿತೇವಿ, ಎಮ್ಮಿ ಹೊಡಕೊಂಡ ಬರ್ತೇವಿ. ಗ್ವಾಡಿಗೆ ಬಣ್ಣಾ ಹೊಡಿತೇವಿ. ಬಿಸಲ ಹೊಡಿತೈತಿ, ಗಂಟಿ ಹೊಡಿತೈತಿ. ನಿಮ್ಮಪ್ಪ ಉಂಡು ನಿದ್ದಿ ಹೊಡಿತಾನ, ಎದ್ದು ಹರಟಿ ಹೊಡಿತಾನ. ಇಷ್ಟೆಲ್ಲಾ ಹೊಡದ್ರೂ ಒಬ್ಬರಿಗಾದ್ರೂ ಪೆಟ್ಟಾಗೈತೇನ ಹೇಳು.”

ಹೀಗೆ ಇಂಗ್ಲಿಷಿನ ಗುಟ್ಟು ಆಯಿಗೆ ಒಂದೇ ಪಾಠದಲ್ಲಿ ತಿಳಿಯಿತು. ಸಂಜೆಯ ಹೊತ್ತಿಗೆ ಅವಳು “ಗೆಟ್ ಎಮ್ಮಿ” ಎಂಬ ತನ್ನ ಮೊದಲ ವಾಕ್ಯವನ್ನೂ ರಚಿಸಿದಳು. ಅವ್ವ “ಗೆಟ್ ರೊಟ್ಟಿ” ಎಂದಳು. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ನನ್ನನ್ನು ನೋಡಿ, “ಗೆಟ್ ಕಂಡಿಕಿ” ಎಂದ. ಕಲಿಸಿದವಳು ನಾನೇ ಆದದ್ದರಿಂದ ಎದ್ದು ಹೋಗಿ ತಂದುಕೊಡಬೇಕಾಯಿತು.

ಇಲ್ಲಿ ನಮ್ಮ ಮನೆಯ ಸದ್ದಿನ ಬಗ್ಗೆ ಎರಡು ಮಾತು ಹೇಳಬೇಕು. ಪಡಸಾಲೆಯಲ್ಲಿ ಈ ಬದಿ ಎರಡು, ಆ ಬದಿ ಎರಡು ಮಗ್ಗ. ಕರೆಂಟಿನ ಮಗ್ಗಗಳು. ಸುರುವಾದವೆಂದರೆ ಗೋಡೆಯ ಮೇಲಿನ ದೇವರ ಫೋಟೋಗಳು ಕೂಡ ಒಂದೊಂದು ಕಡೆಗೆ ವಾಲಿಕೊಂಡು ಕಿವಿ ಮುಚ್ಚಿಕೊಂಡ ಹಾಗೆ ಕಾಣುತ್ತವೆ. ಹೊರಗಿನವರು ನಮ್ಮ ಮನೆಗೆ ಬಂದರೆ ಒದರಿ ಒದರಿ ಮಾತಾಡಿ ಕೆಮ್ಮು ಹತ್ತಿಸಿಕೊಂಡು ಹೋಗುತ್ತಾರೆ. ನಾವು ಒದರುವುದಿಲ್ಲ. ದನಿ ಹೇಗಿದ್ದರೂ ಕೇಳಿಸದ ಮೇಲೆ ಅದನ್ನು ಯಾಕೆ ಸವೆಸುವುದು? ತುಟಿ ಆಡಿಸುತ್ತೇವೆ, ಜೊತೆಗೆ ಒಂದಿಷ್ಟು ಕೈ. ಪಡಸಾಲೆಯ ಆ ತುದಿಯಲ್ಲಿರುವ ಅಪ್ಪ ಈ ತುದಿಯಲ್ಲಿರುವ ಅವ್ವನಿಗೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಎಂಬುದನ್ನಷ್ಟೇ ಅಲ್ಲ, ಅದು ಅವಳ ತವರಿನವರ ಚಾಳಿ ಎಂಬುದನ್ನೂ ಒಂದು ಸದ್ದಿಲ್ಲದೆ ತಿಳಿಸಬಲ್ಲ. ನಮ್ಮ ಓಣಿಯ ಕೂಸು ಮೊದಲು ತುಟಿ ನೋಡಿ ಮಾತು ಕಲಿಯುತ್ತದೆ. ಆ ಮಾತಿಗೆ ದನಿಯೂ ಇದೆ ಎಂಬುದು ಕರೆಂಟು ಹೋದಾಗ ಅದಕ್ಕೆ ಗೊತ್ತಾಗುತ್ತದೆ.

ಇದರಲ್ಲಿ ಒಂದು ತೊಂದರೆ ಇದೆ. ಓಣಿಯವರಿಗೆಲ್ಲ, ನೂಲು ಮಾರುವ ಅಕ್ಕಮ್ಮ ಕಾಕುವಿನ ಮನೆಯವರಿಗೂ ಸೇರಿ, ತುಟಿ ಓದಲು ಬರುತ್ತದೆ. ಹೀಗಾಗಿ ನಮ್ಮಲ್ಲಿ ಯಾರನ್ನಾದರೂ ಮನಸ್ಸಿನೊಳಗೇ ಬೈಯುವುದಿದ್ದರೆ ತುಟಿ ಕಚ್ಚಿಕೊಂಡು ಬೈಯಬೇಕು. ಒಮ್ಮೆ ಅವ್ವ ಇದನ್ನು ಮರೆತಳು. ಆಯಿಗೆ ಕಿವಿ ಮಂದ, ಮಗ್ಗದ ಆಚೆಗೆ ಬೇರೆ ಇದ್ದಳು. ಆದರೂ ಎರಡು ಹೊತ್ತು ಊಟ ಬಿಟ್ಟಳು.

ಆ ಬೇಸಿಗೆ ಕರೆಂಟಿನವರಿಗೆ ಏನು ಅನ್ನಿಸಿತೋ ತಿಳಿಯದು. ಪ್ರತಿವರ್ಷ ತಾಸುಗಟ್ಟಲೆ ಹೋಗುತ್ತಿದ್ದ ಕರೆಂಟು ಆ ವರ್ಷ ಹೋಗಲೇ ಇಲ್ಲ. ನೇಕಾರರಿಗೆ ಇದಕ್ಕಿಂತ ಹಬ್ಬ ಬೇಕೇ? ಅಪ್ಪ ಮಗ್ಗ ಬಂದ್ ಮಾಡುವ ಮಾತೇ ಎತ್ತಲಿಲ್ಲ. ನನ್ನ ಇಂಗ್ಲಿಷ್ ಪಾಠವೂ ನಿಲ್ಲಲಿಲ್ಲ. ಎಡಗೈ ನೂಲಿನ ಮೇಲೆ, ಬಲಗೈ ರಾಟಿಯ ಮೇಲೆ, ಕಣ್ಣು ತಂಗಿಯ ತುಟಿಯ ಮೇಲೆ. ನಾನು ತುಟಿಯಲ್ಲಿ ಗೆಟ್ ಅಪ್ ಎಂದರೆ ಅವಳು ಏಳುತ್ತಿದ್ದಳು. ಗೆಟ್ ಡೌನ್ ಎಂದರೆ ನೂಲಿನ ಗಂಟಿನ ಮೇಲಿಂದ ಇಳಿಯುತ್ತಿದ್ದಳು. ಅವಳು ಮುಂಜಾನೆ ಎದ್ದಾಗಿನಿಂದ ಮಾಡುವುದನ್ನೆಲ್ಲ ಒಂದು ಪದ್ಯದ ಹಾಗೆ ಜೋಡಿಸಿಕೊಟ್ಟಿದ್ದೆ: ಐ ಗೆಟ್ ಅಪ್, ಐ ಗೆಟ್ ಮಿಲ್ಕ್, ಐ ಗೆಟ್ ರೆಡಿ, ಐ ಗೆಟ್ ಔಟ್. ನನಗೆ ಯಾವುದನ್ನೂ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ನಾಲ್ಕು ಮಗ್ಗದ ಆಚೆಗೆ ಅವಳನ್ನು ನಿಲ್ಲಿಸಿ, ಇತ್ತ ನಿಂತು, ತುಟಿ ನೋಡಿ ಪರೀಕ್ಷೆ ಮಾಡಿದೆ. ಒಂದು ಅಕ್ಷರ ತಪ್ಪಿರಲಿಲ್ಲ. ಮನೆಯಲ್ಲಿ ಇಂಗ್ಲಿಷಿನ ವಾತಾವರಣ ಎಷ್ಟು ದಟ್ಟವಾಯಿತೆಂದರೆ, ಅಪ್ಪ ನಿದ್ದೆಯಲ್ಲಿ ತುಟಿ ಆಡಿಸುವುದನ್ನು ನೋಡಿ ಅವ್ವ, “ಗೆಟ್ ಅನ್ನಾಕತ್ತಾರ ನೋಡ ಬೇ” ಎಂದು ನನ್ನನ್ನು ಎಬ್ಬಿಸಿ ತೋರಿಸಿದಳು. ಇದನ್ನು ಅಕ್ಕಮ್ಮ ಕಾಕುವಿಗೂ ತೋರಿಸಬೇಕಿತ್ತು ಎಂದು ಮಾರನೆಯ ದಿನ ಆಯಿ ಪೇಚಾಡಿದಳು.

ಜೂನ್ ತಿಂಗಳಲ್ಲಿ ನಮ್ಮನ್ನು ಕರೆದರು. ಅಪ್ಪ ಮಗ್ಗಗಳನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಧೋತರ ಉಟ್ಟ. ಆಯಿ ಇಳಕಲ್ ಸೀರೆ ಉಟ್ಟಳು. (ನೇಕಾರರ ಮನೆಯವರು ಹೊರಗೆ ಹೋಗುವಾಗ ಬೇರೆಯವರು ನೇಯ್ದದ್ದನ್ನೇ ಉಡುತ್ತಾರೆ. ತಾವು ನೇಯ್ದದ್ದರ ತಪ್ಪು ತಮಗೆ ಕಾಣುತ್ತಿರುತ್ತದೆ.) ಜಮಖಂಡಿಯ ಬಸ್ಸಿನಲ್ಲಿ ಅರ್ಧ ದಾರಿಯ ತನಕ ಯಲ್ಲಿ ಪಾಠ ಒಪ್ಪಿಸಿದಳು. ಬಸ್ಸಿನ ಗದ್ದಲಕ್ಕೆ ನಾವು ತುಟಿಯಲ್ಲೇ ಮಾತಾಡುತ್ತಿದ್ದೆವು. ಹಿಂದಿನ ಸೀಟಿನ ಮುದುಕ ನಮ್ಮನ್ನು ನೋಡಿ, ಯಾರ ತಂಟೆಗೂ ಹೋಗದ ಮಂದಿ ಎಂದು ತನ್ನ ಹೆಂಡತಿಗೆ ನಮ್ಮನ್ನು ಮಾದರಿಯಾಗಿ ತೋರಿಸಿದ.

ಸಾಲಿ ಒಂದು ಹಳೆಯ ಬಂಗಲೆಯಲ್ಲಿತ್ತು. ದೊಡ್ಡ ಮೇಡಂ ಅವರ ಕೋಣೆಗೆ ನಮ್ಮನ್ನು ಕರೆದು ಜವಾನ ಬಾಗಿಲು ಮುಚ್ಚಿದ. ಒಳಗೆ ಎಷ್ಟು ನಿಶ್ಶಬ್ದವಿತ್ತೆಂದರೆ ನನ್ನ ಕಿವಿಯೊಳಗೆ ನೋವು ಸುರುವಾಯಿತು. ಗೋಡೆ ಗಡಿಯಾರ ನಡೆಯುವುದೂ ಕೇಳಿಸುತ್ತಿತ್ತು. ನಮ್ಮ ಮನೆಯಲ್ಲೂ ಗಡಿಯಾರವಿದೆ, ಅದಕ್ಕೆ ಸದ್ದಿದೆ ಎಂದು ನಮಗೆ ಗೊತ್ತಿರಲಿಲ್ಲ. ದೊಡ್ಡ ಮೇಡಂ ಮೈಸೂರಿನ ಕಡೆಯವರು, ತೆಳ್ಳಗೆ, ಬಿಳಿ ಸೀರೆ, ಕೈಯಲ್ಲಿ ಪೆನ್ನು. ನಕ್ಕು ಯಲ್ಲಿಯನ್ನು ಹತ್ತಿರ ಕರೆದು, ನಿನ್ನ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಯಲ್ಲಿ ಸೆಟೆದು ನಿಂತು, ಮೈ ನೇಮ್ ಈಸ್ ಯಲ್ಲಕ್ಕ ಎಂದಳು. ಎಂದಿನ ಹಾಗೆ, ತುಟಿಯಲ್ಲಿ. ಸ್ಪಷ್ಟ, ಚೊಕ್ಕಟ, ಒಂದು ತಪ್ಪಿಲ್ಲ. ಅಪ್ಪ ಆಯಿಯ ಕಡೆ ನೋಡಿದ. ಆಯಿ ಮೇಡಂ ಕಡೆ ನೋಡಿದಳು, ಪೇಡೆ ಹಂಚುವುದನ್ನು ಯಾವಾಗ ಸುರುಮಾಡುತ್ತಾರೆ ಎಂಬಂತೆ.

ಮೇಡಂ ಸ್ವಲ್ಪ ಬಾಗಿ, “ಇನ್ನೂ ಸ್ವಲ್ಪ ಜೋರಾಗಿ ಹೇಳಮ್ಮ” ಎಂದರು.

ಯಲ್ಲಿ ಬಾಯಿಯನ್ನು ಇನ್ನೂ ದೊಡ್ಡದಾಗಿ ತೆರೆದು ಅದನ್ನೇ ಹೇಳಿದಳು. ನಮ್ಮಲ್ಲಿ ಜೋರಾಗಿ ಹೇಳುವುದು ಹಾಗೇ. ಮೇಡಂ ಮುಖ ಬಿಗಿಯಾಯಿತು. ಬೆಳಿಗ್ಗೆ ಎದ್ದು ಏನೇನು ಮಾಡುತ್ತೀ ಎಂದು ಕೇಳಿದರು. ನಾನು ಕಾದಿದ್ದ ಪ್ರಶ್ನೆಯೇ ಬಂದಿತ್ತು. ಯಲ್ಲಿ ಏಳುವುದು, ಹಾಲು, ತಯಾರಾಗುವುದು, ಹೊರಡುವುದು, ಎಲ್ಲವನ್ನೂ ಕೈ ಸಮೇತ ಒಪ್ಪಿಸಿ ಮುಗಿಸಿದಳು. ಮೇಡಂ ಮೇಜಿನ ಮೇಲಿನ ಗಂಟೆಯನ್ನು ಮೆಲ್ಲಗೆ ಒಮ್ಮೆ ಒತ್ತಿ ನೋಡಿದರು. ಅದು ಕಿಣಿ ಎಂದಿತು. ಅವರ ಕಿವಿ ಸರಿಯಾಗಿಯೇ ಇತ್ತು.

“ಕೂಸು ಹೇಳಿತೆಲ್ಲರಿ, ಬರಕೊಳ್ರಿ” ಎಂದಳು ಆಯಿ.

ಮೇಡಂ ಪೆನ್ನು ಕೆಳಗಿಟ್ಟು, ಬಹಳ ಮರುಕದಿಂದ ಅಪ್ಪನನ್ನು ಕೇಳಿದರು, “ಮಗುವಿಗೆ ಎಷ್ಟು ದಿನದಿಂದ ಹೀಗಿದೆ?”

“ಈ ಬ್ಯಾಸಗಿಯಿಂದರಿ” ಎಂದು ಅಪ್ಪ ಹೆಮ್ಮೆಯಿಂದ ನನ್ನನ್ನು ತೋರಿಸಿದ. “ಎಲ್ಲಾ ಇಕೀನ ಹಚ್ಚಿದ್ದರಿ.”

ಮೇಡಂ ತಮ್ಮ ಕುರ್ಚಿಯನ್ನು ನನ್ನಿಂದ ಸ್ವಲ್ಪ ಆಚೆಗೆ ಸರಿಸಿಕೊಂಡರು.

“ಯಾರಾದರೂ ಡಾಕ್ಟರಿಗೆ ತೋರಿಸಿದಿರಾ?”

“ಡಾಕ್ಟರ್ ಯಾಕ್ರಿ? ನಮ್ಮನ್ಯಾಗ ಎಲ್ಲಾರಿಗೂ ಐತ್ರಿ.”

ಅಪ್ಪನಿಗೆ ಕೂಡಲೇ ಉತ್ಸಾಹ ಬಂದು ತಾನೂ ಎದ್ದು ನಿಂತು ತುಟಿಯಲ್ಲಿ ಗೆಟ್ ಅಪ್, ಗೆಟ್ ಡೌನ್ ಎಂದು ಕೂತು ತೋರಿಸಿದ. ಅವ್ವ ನಾಚಿಕೊಂಡು ಸೆರಗಿನ ಮರೆಯಲ್ಲಿ ಗೆಟ್ ರೊಟ್ಟಿ ಎಂದಳು. ಅದಂತೂ ಯಾರಿಗೂ ಕಾಣಲೇ ಇಲ್ಲ. ಮೇಡಂ ನನ್ನ ಕಡೆ ತಿರುಗಿ, ನೀವಾದರೂ ಹೇಳಿ ಎಂದರು.

ನಾನು ಎದ್ದು ನಿಂತೆ. ಬಾಯಿ ತೆರೆದೆ. ಗೆಟ್ ಎಂಬುದು ಗಂಟಲಿನ ತನಕ ಬಂದು ಅಲ್ಲೇ ಕೂತಿತು, ತುಟಿ ಮಾತ್ರ ಅಲ್ಲಾಡಿತು. ಆಗ ನನಗೆ ತಿಳಿಯಿತು, ಆ ಶಬ್ದ ನನ್ನ ಬಾಯಿಂದ ಬಂದದ್ದನ್ನು ನನ್ನ ಕಿವಿ ಒಂದು ದಿನವೂ ಕೇಳಿರಲಿಲ್ಲ. ಮಗ್ಗದ ಮುಂದೆ ಕಲಿಸಿದ್ದೆಲ್ಲ ಹೀಗೆ. ಅದಕ್ಕೂ ಮೊದಲು ಸಾಲಿಯಲ್ಲಿ ಮಾಸ್ತರರು ಇಂಗ್ಲಿಷ್ ಓದುತ್ತಿದ್ದರು, ನಾವು ಬರೆಯುತ್ತಿದ್ದೆವು. ಬಾಯಿ ತೆರೆಯುವ ಪ್ರಸಂಗ ಬಂದಿರಲಿಲ್ಲ. ನನ್ನ ಹತ್ತಿರ ಕನ್ನಡಕ್ಕೆ ದನಿ ಇತ್ತು. ಇಂಗ್ಲಿಷಿಗೆ ಯಾರೂ ಕೂಡಿಸಿಕೊಟ್ಟಿರಲಿಲ್ಲ.

ಮೇಡಂ ಪೆನ್ನಿಗೆ ಟೊಪ್ಪಿಗೆ ಹಾಕಿದರು.

ಆ ಟೊಪ್ಪಿಗೆ ಕಟ್ ಎಂದಿತು. ಅಟ್ಟದ ಮೇಲಿನ ಗಿಡ್ಡ ರಾಟಿ ಕಣ್ಣಮುಂದೆ ಬಂತು, ಅದರ ಮುಂದೆ ಯಲ್ಲಿ ಕೂತದ್ದೂ ಕಂಡಿತು. ಮೇಡಂ ಅವರಿಗೆ ಎಲ್ಲವನ್ನೂ ಕನ್ನಡದಲ್ಲಿ ಬಿಡಿಸಿ ಹೇಳಬಹುದಿತ್ತು. ಆದರೆ ಪರಕೀಯರ ಮುಂದೆ ನನ್ನ ಬಾಯಿ ಬೇಗ ಬಿಚ್ಚಿಕೊಳ್ಳುವುದಿಲ್ಲ. ಕಿಟಕಿಯ ಕಡೆ ತಿರುಗಿ, ತುಟಿಯಲ್ಲೇ ನನ್ನ ಸಂಕಟ ತೋಡಿಕೊಂಡೆ. ಏನೆಂದು ತೋಡಿಕೊಂಡೆ ಎಂಬುದು ಮುಂದೆ ಬರುತ್ತದೆ.

ಕಿಟಕಿಯ ಆಚೆ ಬಿಡುವಿನ ಗಂಟೆ ಹೊಡೆದು ಮಕ್ಕಳು ಅಂಗಳಕ್ಕೆ ನುಗ್ಗಿದ್ದರು. ಅದರಲ್ಲಿ ಪದ್ಮಿ ಇದ್ದಳು. ಓಣಿಯವರನ್ನು ಕಂಡು ಓಡಿಬಂದು ಸರಳು ಹಿಡಿದು ನಿಂತಳು. ಯಲ್ಲಿ ಅವಳನ್ನು ಕಂಡದ್ದೇ ತಡ, ತನ್ನ ಪದ್ಯವನ್ನೆಲ್ಲ ಮತ್ತೆ ಮೊದಲಿನಿಂದ ಅವಳಿಗೆ ಒಪ್ಪಿಸಿದಳು. ಪದ್ಮಿ ಗೋಣು ಹಾಕುತ್ತಾ ಕೇಳಿದಳು. ನಡುನಡುವೆ ನಕ್ಕಳು. ಇದನ್ನು ನೋಡಿದ ಮೇಡಂ ಅವಳನ್ನು ಒಳಗೆ ಕರೆಸಿ, ಏನು ನಗುತ್ತಿದ್ದೀ ಎಂದು ಗದರಿಸಿದರು.

“ಯಲ್ಲಿ ಇಂಗ್ಲಿಷ್ ಮಾತಾಡಾಕತ್ತಾಳ್ರಿ ಮಿಸ್. ಐ ಗೆಟ್ ಅಪ್, ಐ ಗೆಟ್ ಮಿಲ್ಕ್ ಅಂದ್ಲು. ಐ ಗೆಟ್ ರೆಡಿ ಅನ್ನುವಾಗ ತೆಲಿ ಹಿಕ್ಕೊಂಡಂಗ ಮಾಡಿದ್ಲರಿ. ಅದಕ್ಕ ನಕ್ಕೆ.”

ಮೇಡಂ ನಂಬಲಿಲ್ಲ. ಪದ್ಮಿಯನ್ನು ಬಾಗಿಲ ಹತ್ತಿರ ನಿಲ್ಲಿಸಿ, ಯಲ್ಲಿಗೆ ಬೇರೆ ಬೇರೆ ಪ್ರಶ್ನೆ ಕೇಳಿದರು. ಯಲ್ಲಿ ತುಟಿ ಆಡಿಸಿದ್ದಕ್ಕೆಲ್ಲ ಪದ್ಮಿ ಅಲ್ಲಿಂದ ದನಿ ಕೊಟ್ಟಳು. ಒಂದು ಕಡೆ ಬಾಯಿ, ಇನ್ನೊಂದು ಕಡೆ ಸದ್ದು. ಮೇಡಂ ಇಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ, ಕೊನೆಗೆ ಸುಸ್ತಾಗಿ ಕುರ್ಚಿಗೆ ಒರಗಿದರು. ಆಗ ಅಪ್ಪ ಮಗ್ಗದ ವಿಷಯ ಹೇಳಿದ. ಮೇಡಂ ಮುಖದಲ್ಲಿ ಬೆಳಕು ಬಂತು, ಪೆನ್ನಿನ ಟೊಪ್ಪಿಗೆ ಮತ್ತೆ ಕೈಗೆ ಬಂತು. ಇದು ತನ್ನ ಮೊಮ್ಮಗಳ ಉಪಕಾರವೆಂದು ಅಕ್ಕಮ್ಮ ಕಾಕು ಇನ್ನು ಜೀವನಪೂರ್ತಿ ಹೇಳುತ್ತಾಳೆ ಎಂಬುದು ಹೊಳೆದು ಆಯಿಯ ಮುಖ ಮಾತ್ರ ಬಾಡಿತು.

“ಹಾಗಾದರೆ ಮಗು ಆಗಿನಿಂದ ಇಷ್ಟನ್ನೂ ಹೇಳುತ್ತಿತ್ತೇ?” ಎಂದು ಮೇಡಂ ಕೇಳಿದರು.

“ಹೌದ್ರಿ ಮಿಸ್. ಶಂಕ್ರೆಕ್ಕನೂ ಹೇಳಿದ್ಲರಿ, ಕಿಟಕಿ ಕಡೆ ನೋಡಿ.”

“ಅವರೇನು ಹೇಳಿದರು?”

ನಾನು ಗಾಬರಿಯಾಗಿ ಪದ್ಮಿಗೆ ತುಟಿಯಲ್ಲೇ ಬೇಡಿಕೊಂಡೆ.

“ಈಗ ‘ಹೇಳಬ್ಯಾಡ, ನಿನ್ನ ಕಾಲ ಬೀಳ್ತೀನಿ’ ಅನ್ನಾಕತ್ತಾಳ್ರಿ ಮಿಸ್.”

“ಆಗ ಏನು ಹೇಳಿದರು?”

ಪದ್ಮಿ ಕೈ ಕಟ್ಟಿಕೊಂಡು, ಪಾಠ ಒಪ್ಪಿಸುವ ದನಿಯಲ್ಲಿ, ಒಂದು ಶಬ್ದವೂ ಬಿಡದೆ ಹೇಳಿದಳು.

“‘ಈ ಹೆಣಮಗಳಿಗೆ ಏನ ಧಾಡಿ ಆಗೈತೋ. ಕೂಸು ಇಷ್ಟು ಚಂದ ಮಾತಾಡಾಕತ್ತೈತಿ, ಇಕಿ ಬಾಯಿ ನೋಡೂದು ಬಿಟ್ಟು ಗಂಟಿ ಒತಗೋಂತ ಕುಂತಾಳ. ಬಂಗ್ಲೆ ದೊಡ್ಡದು, ತೆಲ್ಯಾಗ ಏನೂ ಇಲ್ಲ. ಇಂಥಾಕೀನ ನಮ್ಮ ಮಗ್ಗದ ಮುಂದ ಒಂದ ವಾರ ಕುಂದರಿಸಿದ್ರ ಗೊತ್ತಾಕ್ಕೈತಿ’ ಅಂದ್ಲರಿ.”

ಗಡಿಯಾರದ ಸದ್ದು ಮತ್ತೆ ಕೇಳಿಸತೊಡಗಿತು. ನಾನು ನೆಲದ ಫರಸಿಯೊಳಗೆ ಎಲ್ಲಿಯಾದರೂ ಸಂದು ಇದೆಯೇ ಎಂದು ಹುಡುಕಿದೆ. ಅವ್ವ ಸೆರಗಿನ ಮರೆಯಲ್ಲಿ ನನಗೆ ಏನೋ ಅಂದಳು. ಅದನ್ನು ಪದ್ಮಿ ನೋಡಲಿಲ್ಲ ಎಂಬುದೊಂದೇ ಸಮಾಧಾನ.

ಮೇಡಂ ರಿಜಿಸ್ಟರನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಯಲ್ಲಿಯ ಹೆಸರನ್ನು ಬರೆದುಕೊಂಡರು. ಬರೆಯುತ್ತಲೇ ಹೇಳಿದರು, “ಮಗು ನಾಳೆಯಿಂದ ಬರಲಿ. ಇವಳಿಗೆ ಇಂಗ್ಲಿಷ್ ಬಂದಿದೆ, ದನಿ ಬರಬೇಕು. ಅದಕ್ಕೆ ಮನೆಯಲ್ಲಿ ದಿನಾ ಸಂಜೆ ಒಂದು ಗಂಟೆ ಒಬ್ಬರು ಕೂತು ಗಟ್ಟಿಯಾಗಿ, ಕಿವಿಗೆ ಬೀಳುವ ಹಾಗೆ ಹೇಳಿಕೊಡಬೇಕು. ಮನಸ್ಸಿನಲ್ಲಿ ಇದ್ದದ್ದನ್ನು ಇಷ್ಟು ವಿವರವಾಗಿ ಹೇಳಬಲ್ಲ ಈ ಅಕ್ಕನೇ ಆ ಕೆಲಸ ಮಾಡಲಿ. ನಾನು ಪದ್ಮಾವತಿಯನ್ನು ಕೇಳುತ್ತಿರುತ್ತೇನೆ.”

ಬೈದದ್ದಕ್ಕೆ ದಂಡವಾಗಿ ಇದೇನೂ ಹೆಚ್ಚಲ್ಲ ಎಂದುಕೊಂಡೆ. ಅಲ್ಲದೆ ನನಗೆ ಒಳಗೊಳಗೆ ಒಂದು ಆಸೆಯೂ ಹುಟ್ಟಿತು. ದಿನಾ ಒಂದು ತಾಸು ಮಗ್ಗ ಬಂದ್. ಕಂಡಿಕೆ ಇಲ್ಲ, ರಾಟಿ ಇಲ್ಲ, ನಾನು ಮತ್ತು ತಂಗಿ ಮತ್ತು ಉಪ್ಪಿನ ಗೈಡು. ತಿರುಗಿ ಬರುವಾಗ ಬಸ್ಸಿನಲ್ಲಿ ಈ ವಿಷಯ ಎತ್ತಿದೆ. ಅಪ್ಪ ಫೀ ಕಟ್ಟಿದ ಪಾವತಿಯನ್ನು ಅಂಗಿಯ ಒಳಗಿನ ಕಿಸೆಯಲ್ಲಿಟ್ಟು ಮೇಲಿಂದ ಕೈಯಿಟ್ಟುಕೊಂಡು ಕೂತಿದ್ದ.

“ಮಗ್ಗಾ ಬಂದ್ ಮಾಡಾಕ ಹೆಂಗ ಬರತೈತಿ? ಇಷ್ಟು ರೊಕ್ಕಾ ಕಟ್ಟೇನಿ, ಇನ್ನ ಹೆಚ್ಚಿಗಿ ನೇಯಬೇಕು. ನೀನ ಒಂದೀಟು ದನಿ ಏರಸು.”

ನಾಲ್ಕು ಮಗ್ಗದ ಮೇಲೆ ದನಿ ಏರಿಸುವುದೆಂದರೆ ಏನು ಎಂಬುದು ಏರಿಸಿದವರಿಗೇ ಗೊತ್ತು. ಮೊದಲ ಸಂಜೆ ನಾನು “ಗೆಟ್ ಔಟ್” ಎಂದು ಒದರಿದ್ದು ಕೇಳಿ, ನಮ್ಮ ಮನೆಯಲ್ಲಿ ಅತ್ತೆ ಸೊಸೆಯ ಜಗಳ ಹತ್ತಿತೆಂದು ಅಕ್ಕಮ್ಮ ಕಾಕು ರೊಟ್ಟಿ ಹೆಂಚಿನ ಮೇಲೆ ಬಿಟ್ಟು ಓಡಿಬಂದಳು. ಜಗಳವಲ್ಲ, ಪಾಠ ಎಂದು ತಿಳಿದು, ರೊಟ್ಟಿ ಹೊತ್ತಿದ ನಷ್ಟಕ್ಕೆ ನಮ್ಮನ್ನೇ ಬೈದು ಹೋದಳು. ಹಿತ್ತಲಿನ ಎಮ್ಮೆ ನನ್ನ ದನಿಗೆ ಬೆದರಿ ಹಾಲು ಕಡಿಮೆ ಮಾಡಿತು. ಐ ಗೆಟ್ ಮಿಲ್ಕ್ ಎಂಬ ವಾಕ್ಯವನ್ನು ಪಾಠದಿಂದ ಕೆಲವು ದಿನ ತೆಗೆದಿಡಬೇಕಾಯಿತು. ಆಯಿಗೆ ಮಾತ್ರ ಬಹಳ ಸಂತೋಷ. ಎಷ್ಟೋ ವರ್ಷಗಳ ಮೇಲೆ ತನ್ನ ಕಿವಿ ಸುಧಾರಿಸಿದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಶ್ರಾವಣದ ಹೊತ್ತಿಗೆ ಯಲ್ಲಿಗೆ ದನಿ ಬಂತು. ಗಂಟೆ ಹೊಡೆದ ಹಾಗೆ ಇಂಗ್ಲಿಷ್ ಮಾತಾಡುತ್ತಾಳೆ. ನನಗೆ ಇದ್ದ ದನಿ ಹೋಯಿತು. ರಬಕವಿಯ ಡಾಕ್ಟರು ಗಂಟಲಿಗೆ ಬ್ಯಾಟರಿ ಹಾಕಿ ನೋಡಿ, ವಾಸಿಯಾಗಬೇಕಾದರೆ ಒಂದು ಮಾತೂ ಆಡಬಾರದು, ಪಿಸುಗುಟ್ಟಲೂ ಬಾರದು ಎಂದರು. ಈಗ ನಾನು ಕನ್ನಡವನ್ನೂ ತುಟಿಯಲ್ಲೇ ಆಡುತ್ತೇನೆ. ಮಗ್ಗ ನಡೆದಿರುವ ತನಕ ನನಗೂ ಉಳಿದವರಿಗೂ ಫರಕು ಕಾಣುವುದಿಲ್ಲ. ಕರೆಂಟು ಹೋದಾಗ ಮಾತ್ರ ಎಲ್ಲರೂ ಮಾತಾಡುತ್ತಾರೆ, ನಾನು ನೋಡುತ್ತ ಕೂತಿರುತ್ತೇನೆ. (ಈ ವರ್ಷ ಅದು ದಿನಾ ಹೋಗುತ್ತಿದೆ.)

ಆದರೂ ಅಟ್ಟದ ಮೇಲಿದ್ದ ಗಿಡ್ಡ ರಾಟಿಯನ್ನು ಅಪ್ಪ ಕೆಳಗಿಳಿಸಲಿಲ್ಲ. ಫೀ ಕಟ್ಟಿಯಾಗಿದೆ, ಹತ್ತನೆಯದು ಮುಗಿಸುವ ತನಕ ಯಲ್ಲಿ ರಾಟಿ ಮುಟ್ಟುವ ಹಾಗಿಲ್ಲ ಎಂದು ಕಂಡ ಕಂಡವರಿಗೆಲ್ಲ ಹೇಳುತ್ತಾನೆ. ಆಯಿ ಅದಕ್ಕೆ ಮೆಣಸಿನಕಾಯಿ ಸರ ಇಳಿಬಿಟ್ಟಿದ್ದಾಳೆ. ಅದನ್ನು ನೋಡಿದಾಗೆಲ್ಲ ನನ್ನ ಗಂಟಲ ನೋವು ಸ್ವಲ್ಪ ಕಡಿಮೆಯಾಗುತ್ತದೆ.

ಮೊನ್ನೆ ಅಪ್ಪ ಎಂದಿನಂತೆ ಮಗ್ಗದ ಮುಂದೆ ನಿಂತು ನನ್ನ ಕಡೆ ನೋಡಿ, ಗೆಟ್ ಕಂಡಿಕಿ ಎಂದ. ನಾನು ಕಲಿಸಿದ ಇಂಗ್ಲಿಷಿನಲ್ಲಿ ಆ ಮನುಷ್ಯನಿಗೆ ಉಳಿದದ್ದು ಇದೊಂದೇ. ಸಾಲಿಯಿಂದ ಬಂದು ಪಾಟಿಚೀಲ ಇಳಿಸುತ್ತಿದ್ದ ಯಲ್ಲಿ ಅದನ್ನು ನೋಡಿ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ನಾಲ್ಕು ಮಗ್ಗಕ್ಕೂ ಮೇಲಾಗಿ ಒದರಿದಳು.

“ಅಪ್ಪಾ, ಹಂಗ ಅನಬಾರದಂತ. ಅಕ್ಕಗ ಹಂಗ ಅಂದ್ರ ಅದು ಮರ್ಯಾದಿ ಅಲ್ಲಂತ. ಹಿಂದ ‘ಪ್ಲೀಸ್’ ಹಚ್ಚಬೇಕಂತ, ಮಿಸ್ ಹೇಳ್ಯಾರ.”

ಅಪ್ಪ ಮಗ್ಗ ನಿಲ್ಲಿಸಿದ. ಕಟ್ಟಿದ ಫೀ ಹೀಗೆ ಕಣ್ಣೆದುರೇ ಫಲ ಕೊಡುವುದನ್ನು ನೋಡಿ ಅವನ ಕಣ್ಣು ತುಂಬಿದವು. ಅಂದಿನಿಂದ ಒಂದು ಸಲವೂ ತಪ್ಪದೆ ಪ್ಲೀಸ್ ಹಚ್ಚುತ್ತಿದ್ದಾನೆ. ಗೆಟ್ ಕಂಡಿಕಿ, ಪ್ಲೀಸ್. ಅವ್ವ ಕೂಡ ಕಲಿತಿದ್ದಾಳೆ, ಆಯಿಯೂ ಕಲಿತಿದ್ದಾಳೆ. ಮನೆಯಲ್ಲಿ ಈಗ ನನ್ನನ್ನು ಮರ್ಯಾದೆಯಿಲ್ಲದೆ ಕೆಲಸಕ್ಕೆ ಕರೆಯುವವರು ಒಬ್ಬರೂ ಇಲ್ಲ.

ಕಂಡಿಕೆ ಮಾತ್ರ ನಾನೇ ಎದ್ದು ತಂದುಕೊಡಬೇಕು.